ಮೊದಲೇ ಹೇಳಿಟ್ಟ ಪ್ರಶ್ನೆ

ಸುರಿಯಾನಿಗೆ ಮಸ್ತುರಾ ಇಂಗ್ಲಿಷ್ ಭಾಷಣವನ್ನು ತುತ್ತು ಮಾಡಿ ಬಾಯಿಗಿಟ್ಟಂತೆ ಕಲಿಸಿದ್ದಳು. ಹಾಸ್ಟೆಲಿನ ಕನ್ನಡಿಯ ಮುಂದೆ ನಿಲ್ಲಿಸಿ, ಎಲ್ಲಿ ಉಸಿರೆಳೆಯಬೇಕು, ಎಲ್ಲಿ ನಗಬೇಕು ಎಂಬುದನ್ನೂ ಬಿಟ್ಟಿರಲಿಲ್ಲ. ಭಾಷಣ ಮುಗಿದ ಮೇಲೆ ಕೇಳುಗರಿಂದ ಬರುವ ಪ್ರಶ್ನೆಯನ್ನೂ ಮೊದಲೇ ಗೊತ್ತುಮಾಡಿ ಇಟ್ಟಿದ್ದರು. ಮಲೇಷ್ಯಾದ ಟೆರೆಂಗಾನುವಿನ ಆ ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ: ಗೆಳತಿ ಕೈಯೆತ್ತಿ ಮೊದಲೇ ಹೇಳಿಟ್ಟ ಪ್ರಶ್ನೆಯನ್ನು ಕೇಳುವುದು, ಭಾಷಣ ಮಾಡಿದವಳು ಉತ್ತರವನ್ನು ಬಾಯಿಪಾಠ ಒಪ್ಪಿಸುವುದು. ಕಡಲಾಮೆಗಳು ಮೊಟ್ಟೆಯಿಡಲು ಅದೇ ದಡಕ್ಕೆ ಯಾಕೆ ಮರಳುತ್ತವೆ ಎಂದು ಮಸ್ತುರಾ ಕೇಳಬೇಕಿತ್ತು.

"ಇದೊಂದು ಭಾಷಣದ ಪರೀಕ್ಷೆ ಪಾಸಾದ್ರೆ ಪೆನಾಂಗಿನ ಹೋಟೆಲಿಗೆ ತರಬೇತಿಗೆ ಹೋಗ್ತೀನಿ ಅಕ್ಕಾ. ಆಮೇಲೆ ನನ್ನ ಕಾಟ ನಿಂಗಿರಲ್ಲ," ಎಂದು ಸುರಿಯಾನಿ ಹಿಂದಿನ ದಿನ ನಕ್ಕಿದ್ದಳು. ಆ ರಾತ್ರಿ ಮಸ್ತುರಾ ಊಟ ಬಿಟ್ಟು ಮಲಗಿದಳು. ಅವಳನ್ನು ಹುಡುಕಿಕೊಂಡು ಬರುವವರು ಆ ಹಾಸ್ಟೆಲಿನಲ್ಲಿ ಸುರಿಯಾನಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ತರಗತಿಯಲ್ಲಿ ಸುರಿಯಾನಿ ಒಂದು ಕಡೆಯೂ ತಡವರಿಸಲಿಲ್ಲ. ಆಮೆಗಳನ್ನು ಉಳಿಸಿ ಎಂದು ಮುಗಿಸಿದಾಗ ಅಧ್ಯಾಪಕಿ ಪುವಾನ್ ಝಲೇಹಾ ತಲೆದೂಗಿದರು. ಕೆಲವು ದಿನಗಳ ಹಿಂದೆ ಇದೇ ಕೋಣೆಯಲ್ಲಿ ಮಸ್ತುರಾ ತನ್ನ ಭಾಷಣ ಮಾಡಿದಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು.

ಪ್ರಶ್ನೆಗಳಿವೆಯೇ ಎಂದು ಅಧ್ಯಾಪಕಿ ಕೇಳಿದರು. ಮಸ್ತುರಾ ಕೈಯೆತ್ತಿದಳು. ಆಮೆಯ ಮೊಟ್ಟೆಗಳನ್ನು ಸಂತೆಯಲ್ಲಿ ಕದ್ದುಮುಚ್ಚಿ ಮಾರುವ ನಿಮ್ಮ ತಾಯಿಗೆ ಏನು ಹೇಳುತ್ತೀರಿ ಎಂದು, ಎಲ್ಲರಿಗೂ ತಿಳಿಯುವಂಥ ಸಣ್ಣ ಸಣ್ಣ ಇಂಗ್ಲಿಷ್ ಮಾತುಗಳಲ್ಲಿ ಕೇಳಿದಳು.

ಸುರಿಯಾನಿಗೆ ಅರ್ಥವಾಯಿತು. ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಆದರೆ ಬಾಯಲ್ಲಿ ಇದ್ದದ್ದು ಒಂದೇ ಉತ್ತರ. ಒಳ್ಳೆಯ ಪ್ರಶ್ನೆ, ಧನ್ಯವಾದ ಎಂದು ಕಲಿತ ಜಾಗದಲ್ಲೇ ಮುಗುಳ್ನಕ್ಕು, ಹುಟ್ಟಿದ ದಡವನ್ನು ಅವು ಎಂದೂ ಮರೆಯುವುದಿಲ್ಲ ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಪುವಾನ್ ಝಲೇಹಾ ನಗಲಿಲ್ಲ. "ಗಿಣಿಗೆ ನಾನು ಅಂಕ ಕೊಡಲ್ಲಮ್ಮ. ಮುಂದಿನ ಸೆಮಿಸ್ಟರಿಗೆ ಬಾ," ಎಂದು ಮಲಯ್ ಭಾಷೆಯಲ್ಲೇ ಹೇಳಿ ಮುಂದಿನವಳ ಹೆಸರು ಕೂಗಿದರು.

ಸುರಿಯಾನಿ ಬಂದು ಮಸ್ತುರಾಳ ಪಕ್ಕದಲ್ಲೇ ಕೂತಳು. ಬೇರೆ ಜಾಗ ಖಾಲಿಯಿರಲಿಲ್ಲ.

"ಅಮ್ಮನ ವಿಷಯ ನಿಂಗೊಬ್ಬಳಿಗೇ ಹೇಳಿದ್ದೆ," ಎಂದಳು.

ಮಸ್ತುರಾ ತನ್ನ ಪುಸ್ತಕದ ಪುಟ ತಿರುವಿದಳು. ಮುಂದಿನ ಹುಡುಗಿಯ ಮಾತು ಅರ್ಧಕ್ಕೆ ಬಂದಾಗ ಸುರಿಯಾನಿ ಮತ್ತೆ ಬಾಯಿ ತೆರೆದಳು. "ಇನ್ನೊಂದ್ಸಲ ಕಲಿಸ್ತೀಯಾ ಅಕ್ಕಾ? ಬೇರೆ ಯಾರ ಹತ್ರ ಹೋಗ್ಲಿ ನಾನು."

ಆ ದನಿಯಲ್ಲಿ ಕೋಪವಿದ್ದಿದ್ದರೆ ಮಸ್ತುರಾ ಅತ್ತೇ ಬಿಡುತ್ತಿದ್ದಳೇನೋ. "ನಾಳೆಯಿಂದ್ಲೇ ಶುರು ಮಾಡೋಣ," ಎಂದಳು. ಇನ್ನೊಂದು ಸೆಮಿಸ್ಟರ್ ಸುರಿಯಾನಿ ಎಲ್ಲಿಗೂ ಹೋಗುವಂತಿರಲಿಲ್ಲ; ಹಾಗೆನ್ನುತ್ತಿದ್ದಂತೆ, ಹಿಂದಿನ ರಾತ್ರಿ ಊಟ ಬಿಟ್ಟಿದ್ದ ಅವಳಿಗೆ ಚೆನ್ನಾಗಿ ಹಸಿವಾಯಿತು.