ಲಲಿತಾ ಹೊಲಿದ ಆರು ಜಂಪರು

ಹುಲಗಮ್ಮ ಒಗೆಯಲು ಕುಂತಳೆಂದರೆ ಮನೆಯಲ್ಲಿ ಒಂದು ಚಿಂದಿಯನ್ನೂ ಬಿಡುವವಳಲ್ಲ. ತಮ್ಮನ ಹೆಂಡತಿ ಲಲಿತಾ ಎಂಟು ದಿನದ ಜ್ವರದಲ್ಲಿ ತೀರಿಕೊಂಡಾಗ ಕುಷ್ಟಗಿಯಿಂದ ಅಳವಂಡಿಗೆ ಬಂದವಳು, ಹನ್ನೊಂದನೆಯ ದಿನ ಸೂತಕ ಕಳೆಯಲೆಂದು ಚಾದರ, ಕೌದಿ, ದಿಂಬಿನ ಚೀಲ ಎಲ್ಲವನ್ನೂ ನೀರಿಗೆ ಹಾಕಿದಳು. ಸತ್ತವರ ಮನೆಯ ಅರಿವೆ ಒಗೆಯುವುದು ರೂಢಿ. ಆದರೆ ಹೊಲಿಗೆ ಮಷಿನ್ನಿನ ಪಕ್ಕದಲ್ಲಿದ್ದ ಆರು ಕ್ಯಾರಿಬ್ಯಾಗುಗಳಲ್ಲಿ ಇದ್ದದ್ದು ಊರವರ ಅರಿವೆ ಎಂಬುದು ಆಕೆಗೆ ಹೊಳೆಯಲೇ ಇಲ್ಲ.

ಲಲಿತಾಳ ಮಗಳು, ಹನ್ನೆರಡು ವರ್ಷದ ರಂಜಿತಾ ಹಿತ್ತಲಿಗೆ ಬಂದು ನೋಡಿದಾಗ, ತಂತಿಯ ಮೇಲೆ ಆರು ಹಸಿರು ಜಂಪರು ಸಾಲಾಗಿ ನೀರು ತೊಟ್ಟಿಕ್ಕುತ್ತಿದ್ದವು. ಪಕ್ಕದ ತಂತಿಗೆ ಆರು ಕ್ಯಾರಿಬ್ಯಾಗು. ಅವನ್ನೂ ಹುಲಗಮ್ಮ ತೊಳೆದಿದ್ದಳು.

"ಅತ್ತಿ, ಯಾವ ಚೀಲದಾಗ ಯಾವ ಜಂಪರ್ ಇತ್ತು?"

"ಅದನ್ನ ಯಾರು ನೋಡ್ಯಾರ ತಗೋ. ಎಲ್ಲಾ ಹಸರ ಅದಾವಲ್ಲ."

ಅದೇ ತೊಂದರೆಯಾಗಿತ್ತು. ಅಂಗನವಾಡಿಯ ಪಕ್ಕದ ಶೆಡ್ಡಿನಲ್ಲಿ ಖಡಕ್ ರೊಟ್ಟಿ ಬಡಿಯುವ ಸಂಘದ ಆರು ಹೆಂಗಸರು ರವಿಕೆಗೆಂದು ಒಂದೇ ಥಾನಿನ ಬಟ್ಟೆ ತಂದು ಲಲಿತಾಳ ಕೈಗೆ ಕೊಟ್ಟಿದ್ದರು. ಆರರಲ್ಲಿ ಲಲಿತಾಳೂ ಒಬ್ಬಳು. ಅವರ ಅಳತೆಯೆಲ್ಲ ಆಕೆಗೆ ಬಾಯಿಪಾಠ. ಬರೆದಿಟ್ಟವಳಲ್ಲ. ಸೀರೆ ಅಂಗಡಿಯ ಚೀಲ ಕಳಕಮ್ಮನದು, ಔಷಧಿ ಅಂಗಡಿಯ ಚೀಲ ಹುಸೇನಬೀದು ಎಂದು ಚೀಲ ನೋಡಿಯೇ ಹೇಳುತ್ತಿದ್ದಳು.

ಒಣಗಿದ ಮೇಲೆ ಹುಲಗಮ್ಮ ಆರನ್ನೂ ಅಂಗೈಯಿಂದ ತಿಕ್ಕಿ ತಿಕ್ಕಿ ಒಂದೇ ಅಳತೆಯ ಮಡಿಕೆ ಮಾಡಿ, ಕೈಗೆ ಸಿಕ್ಕ ಚೀಲಕ್ಕೆ ಒಂದೊಂದನ್ನು ಹಾಕಿದಳು. ಇಸ್ತ್ರಿ ಮಾಡಿದಂತೆ ಚಂದಾಗಿಯೇ ಇತ್ತು. ರಂಜಿತಾ ಬಿಚ್ಚಿ ನೋಡಬಹುದಿತ್ತು. ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ತಿಳಿಯದಷ್ಟು ಕೂಸೇನಲ್ಲ ಆಕೆ. ಆದರೆ ಅವ್ವನ ಹೊಲಿಗೆ ಕಣ್ಣಿಗೆ ಬಿದ್ದರೆ ಏನಾದೀತೋ ಎಂಬ ಅಂಜಿಕೆಗೆ, ಬಿಚ್ಚದೆಯೇ ಐದು ಚೀಲ ಅವರವರ ಮನೆಗೆ ಮುಟ್ಟಿಸಿದಳು. ಆರನೆಯದು ಅವ್ವನದು ಎಂದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

ಎಲ್ಲ ಮನೆಗಳಲ್ಲೂ ಒಂದೇ ಮಾತು. "ಪಾಪ, ನಿನ್ನ ಕೈಲೆ ಕಳಿಸ್ಯಾರೇನವ್ವ? ಉಂಡಿಯಿಲ್ಲೋ?" ಆಮೇಲೆ ತಲೆ ಸವರುವುದು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು. ಹತ್ತು ಹನ್ನೆರಡು ದಿನದಿಂದ ಊರೆಲ್ಲ ಸವರಿ ಸವರಿ ರಂಜಿತಾಳ ಬೈತಲೆ ಒಂದು ದಿನವೂ ನೆಟ್ಟಗೆ ನಿಂತಿರಲಿಲ್ಲ. ಸಾಲೆಯಲ್ಲಿ ಲೆಕ್ಕ ಮಾಡದೆ ಹೋದರೂ ಮೇಷ್ಟ್ರು ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಕೂಡುವ ಹುಡುಗಿಯ ಜೊತೆ ಜಗಳ ತೆಗೆದರೂ ಆಕೆ ತಾನೇ ಸೋತುಬಿಡುತ್ತಿದ್ದಳು. ಎಲ್ಲರೂ ಹೀಗೆ ಮೆತ್ತಗಾದರೆ ಒಬ್ಬ ಮನುಷ್ಯ ಎಲ್ಲಿ ಒದೆಯಬೇಕು, ಏನನ್ನು ಒದೆಯಬೇಕು?

ಶನಿವಾರ ಕೊಪ್ಪಳದಿಂದ ಒಬ್ಬರು ಮೇಡಂ ಸಂಘ ನೋಡಲು ಬಂದರು. ಎಲ್ಲರೂ ಹಸಿರು ಜಂಪರು ತೊಟ್ಟು ಶೆಡ್ಡಿನ ಮುಂದೆ ನಿಲ್ಲಬೇಕು, ಫೋಟೋ ತೆಗೆಯಬೇಕು. ಹುಲಗಮ್ಮನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ರಂಜಿತಾ ಮೊದಲು ನೋಡಿದ್ದು ಮಾರೆವ್ವನನ್ನು. ಜೋಳದ ದಂಟಿನಂಥ ಮುದುಕಿ. ಜಂಪರು ಎರಡೂ ಭುಜದಿಂದ ಜಾರುತ್ತಿತ್ತೆಂದು ಬೆನ್ನಿಗೆ ನಾಲ್ಕು ಪಿನ್ನು ಹಾಕಿ ಹಿಡಿದು ನಿಲ್ಲಿಸಿದ್ದಳು. ಕಳಕಮ್ಮ ಎಂದರೆ ರೊಟ್ಟಿ ಹಿಟ್ಟು ನಾದಿ ನಾದಿ ರಟ್ಟೆ ಬೆಳೆದ ಹೆಂಗಸು. ಆಕೆ ಏಪ್ರಿಲ್ ಬಿಸಿಲಿನಲ್ಲೂ ಚಳಿ ಹತ್ತಿದವರಂತೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು. ಹುಕ್ಕುಗಳು ಹತ್ತಿರವೇ ಬಂದಿರಲಿಲ್ಲ. ಹುಸೇನಬೀ ಎರಡೂ ಕೈಯನ್ನು ಗೊಂಬೆಯಂತೆ ಪಕ್ಕಕ್ಕೆ ಚಾಚಿ ನಿಂತಿದ್ದಳು.

ಮೇಡಂ ಮೊಬೈಲು ಎತ್ತಿದವರು ಇಳಿಸಿದರು. "ಯಾರು ಹೊಲಿದದ್ದು ಇವನ್ನ?"

ಕಳಕಮ್ಮ, ಉಸಿರು ಹಿಡಿದುಕೊಂಡೇ, "ಇರಲಿ ಬಿಡ್ರಿ ಮೇಡಂ. ಪಾಪ, ಹೊಲದಾಕಿನ ಹೋಗ್ಯಾಳ" ಅಂದಳು.

ರಂಜಿತಾಳಿಗೆ ಕಿವಿ ಬಿಸಿಯಾಯಿತು. ಅಳವಂಡಿಯಲ್ಲಿ ಯಾರ ಮದುವೆಯಿದ್ದರೂ ಮದುಮಗಳ ಜಂಪರು ಅವ್ವನ ಮಷಿನ್ನಿಗೇ ಬರಬೇಕಿತ್ತು. ಇವತ್ತು ಈ ಫೋಟೋ ಹಿಡಿದರೆ, ಲಲಿತಾ ಕಡೆಗಾಲಕ್ಕೆ ಅಳತೆ ಮರೆತಿದ್ದಳು ಎಂದೇ ಊರು ನೆನಪಿಡುತ್ತದೆ. ಅದೂ ಬೈದುಕೊಂಡಲ್ಲ, ಪಾಪ ಎಂದುಕೊಂಡು.

"ನಮ್ಮವ್ವ ಸರಿ ಹೊಲದಾಳ," ಅಂದಳು ರಂಜಿತಾ. "ನೀವು ಒಬ್ಬರದೊಬ್ಬರು ಹಾಕ್ಕೊಂಡೀರಿ. ನಾನ ತಪ್ಪು ಕೊಟ್ಟೀನಿ."

"ಇಲ್ಲವ್ವ ಕೂಸ, ನಂದು ಸರಿ ಐತಿ," ಅಂದಳು ಮಾರೆವ್ವ. ಅನ್ನುವಾಗಲೇ ಎಡಭುಜ ಜಾರಿತು.

"ಸರಿ ಎಲ್ಲೈತಿ ಆಯಿ? ನಿನ್ನಂಥಾವರು ಇನ್ನೊಬ್ಬರು ಒಳಗ ಹಿಡೀತಾರ."

"ಗಾಳಿ ಆಡ್ತೈತಿ ಬಿಡು. ಬ್ಯಾಸಗಿ ಐತಲ್ಲ."

"ನಂದೂ ಸರಿ ಐತಿ," ಅಂದಳು ಕಳಕಮ್ಮ.

"ಹಂಗಾದ್ರ ಸೆರಗ ತಗೀರಿ ದೊಡ್ಡವ್ವ."

ಕಳಕಮ್ಮ ಸೆರಗನ್ನು ಇನ್ನೂ ಬಿಗಿ ಮಾಡಿಕೊಂಡಳು. ಇಡೀ ಊರು ಕೂಡಿಕೊಂಡು ತನ್ನೆದುರು ಒಂದೇ ಸುಳ್ಳು ಹೇಳುತ್ತಿದೆ ಅನ್ನಿಸಿ ರಂಜಿತಾಳಿಗೆ ತಲೆ ಚಿಟ್ಟು ಹಿಡಿಯಿತು. ಅಷ್ಟರಲ್ಲಿ ಸಂಘದ ಇನ್ನಿಬ್ಬರು, ಗೌಡರ ಓಣಿಯ ಅತ್ತೆ ಸೊಸೆ, ಮುಖ ಮುಖ ನೋಡಿಕೊಂಡರು. ಅವರ ಜಂಪರು ಎರಕ ಹೊಯ್ದ ಹಾಗೆ ಕೂತಿದ್ದವು.

"ನಾವು ಮನ್ಯಾಗ ಅದಲಾಬದಲಿ ಮಾಡಿಕೊಂಡ್ವಿ," ಅಂದಳು ಸೊಸೆ ಸಣ್ಣಗೆ. "ನಿನಗ ಹೇಳಿದ್ರ ಬ್ಯಾಸರ ಮಾಡ್ಕೋತಿ ಅಂತ ಅತ್ತಿ ಸುಮ್ಮನಿರು ಅಂದ್ರು."

"ಬ್ಯಾಸರಾ ಈಗ ಆಗೇತಿ," ಅಂದಳು ರಂಜಿತಾ. "ಒಳಗ ನಡೀರಿ ಎಲ್ಲಾರು. ಮೇಡಂ, ಹತ್ತು ನಿಮಿಷ ನಿಲ್ರಿ."

ದನಿ ಹಾಗಿತ್ತು. ಮೇಡಂ ಕೂಡ ಒಂದು ಹೆಜ್ಜೆ ಹಿಂದೆ ಸರಿದರು. ಅಂಗನವಾಡಿಯ ಕಾಳಿನ ಕೋಣೆಯೊಳಗೆ ಮೂವರನ್ನೂ ಹಾಕಿ, ಹುಲಗಮ್ಮನನ್ನು ಬಾಗಿಲಿಗೆ ನಿಲ್ಲಿಸಿ, ರಂಜಿತಾ ಒಳಗಿನಿಂದ ಚಿಲಕ ಹಾಕಿದಳು. "ಬಿಚ್ಚರಿ."

ಮೊದಲು ನಿಜ ಹೇಳಿದ್ದು ಹುಸೇನಬೀ. "ನನಗ ಮುಂಜಾಲಿಂದ ಕೈ ಎತ್ತಾಕ ಬರವಲ್ದು ತಂಗಿ. ತಲಿ ತುರಿಸಿದ್ರೂ ತುರಿಸಿಕೊಳ್ಳಾಕ ಆಗಿಲ್ಲ. ಹೇಳಿಬಿಡ್ತೀನಿ, ಬೈಬ್ಯಾಡ."

"ಅಷ್ಟು ಮೊದಲ ಹೇಳಿದ್ರ ಏನಾಗ್ತಿತ್ತು ಖಾಲಾ?"

"ನೀ ಚೀಲಾ ಕೊಡುವಾಗ ನಿನ್ನ ಮಾರಿ ನೋಡಿದ್ದೆ. ಆ ಮಾರಿ ನೋಡಿದಾವರು ಗೋಣಿಚೀಲ ಕೊಟ್ರೂ ತೊಟಗೋತಿದ್ರು."

ರಂಜಿತಾ ಮಾರೆವ್ವನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಆ ಜಂಪರನ್ನು ಕಳಕಮ್ಮನಿಗೆ ಕೊಟ್ಟಳು. ಹುಕ್ಕು ಐದೂ ಹತ್ತಿದವು. ಕಳಕಮ್ಮ ಇಡೀ ದಿನದ ಉಸಿರನ್ನು ಒಮ್ಮೆಲೇ ಬಿಟ್ಟಳು. ಕಳಕಮ್ಮ ಬಿಚ್ಚಿದ್ದು ಹುಸೇನಬೀಗೆ ಸರಿಹೋಯಿತು. ಆಕೆ ಎರಡೂ ಕೈ ಮೇಲೆತ್ತಿ ಮೊದಲು ಮಾಡಿದ ಕೆಲಸ ತಲೆ ತುರಿಸಿಕೊಂಡದ್ದು. ಹುಸೇನಬೀ ಬಿಚ್ಚಿದ್ದನ್ನು ಮಾರೆವ್ವನಿಗೆ ತೊಡಿಸಿದರೆ, ಅದೂ ದೊಗಳೆ.

ಮಾರೆವ್ವನ ಅಳತೆಯದು ಕೋಣೆಯಲ್ಲಿ ಇರಲಿಲ್ಲ. ಇನ್ನು ಉಳಿದದ್ದು ಟ್ರಂಕಿನಲ್ಲಿದ್ದ ಒಂದೇ.

ರಂಜಿತಾ ಐದು ದಿನದಿಂದ ಸಾಲೆಯಿಂದ ಬಂದ ಕೂಡಲೇ ಆ ಟ್ರಂಕಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಒಳಗಿರುವುದು ಅವ್ವನದು, ಯಾರೂ ಮುಟ್ಟಬಾರದು ಎಂದು. ಕಾಯ್ದದ್ದು ಮಾರೆವ್ವಾಯಿಯ ಜಂಪರನ್ನು. ನಗಬೇಕೋ ಏನು ಮಾಡಬೇಕೋ ತಿಳಿಯದೆ ಸಿಟ್ಟೇ ಬಂತು.

"ಇರಲಿ ಬಿಡವ್ವ," ಅಂದಳು ಮಾರೆವ್ವ ಮೆಲ್ಲಗೆ. ಮುದುಕಿಗೆ ಅರ್ಥವಾಗಿತ್ತು. "ಅದು ನಿನ್ನ ಹಂತ್ಯಾಕ ಇರಲಿ. ನಾ ಪಿನ್ ಹಾಕ್ಕೋತೀನಿ."

"ಬ್ಯಾಡ," ಅಂದಳು ರಂಜಿತಾ. "ನಿನಗಂತ ಹೊಲದಾಳ. ನಿನಗ ಬರಬೇಕು."

ಓಡಿಹೋಗಿ ತಂದಳು. ಮಡಿಕೆ ಬಿಚ್ಚಿದಾಗ ಅಂಜಿದಂತೆ ಏನೂ ಆಗಲಿಲ್ಲ. ಸಣ್ಣ ತೋಳು, ಹತ್ತಿರ ಹತ್ತಿರದ ಟಾಕು, ಅಷ್ಟೇ. ಮಾರೆವ್ವನಿಗೆ ಅದು ಮೈಗೆ ಬರೆದಂತೆ ಕೂತಿತು. ಹೊರಗೆ ಸಾಲಾಗಿ ನಿಂತಾಗ ಮೇಡಂ ಏನೂ ಕೇಳದೆ ಎರಡು ಫೋಟೋ ಜಾಸ್ತಿ ತೆಗೆದರು. "ನೋಡ್ರಿ, ಇದು ಲಲಿತಾನ ಕೈ," ಎಂದು ಕಳಕಮ್ಮ ತಾನಾಗಿಯೇ ಹೇಳಿದಳು, ಸೆರಗು ಸರಿಸಿ.

ರಂಜಿತಾಳ ಕೈಯಲ್ಲಿ ಹುಸೇನಬೀ ಬಿಚ್ಚಿಕೊಟ್ಟದ್ದು ಉಳಿದಿತ್ತು. ಅವ್ವನದು. ಕಂಕುಳಲ್ಲಿ ಹುಸೇನಬೀಯ ಬೆವರು, ಮೇಲೆ ರೊಟ್ಟಿ ಹಿಟ್ಟಿನ ಧೂಳು. ಇನ್ನೊಮ್ಮೆ ಒಗೆಯಬೇಕು. ಒಳಗಿನ ಅಂಚು ತಿರುವಿದವಳು ಹುಬ್ಬು ಗಂಟಿಕ್ಕಿದಳು. ಐದು ಹುಕ್ಕಿಗೂ ಕರಿ ದಾರ, ಒಂದೊಂದು ಒಂದೊಂದು ದಿಕ್ಕಿಗೆ.

"ಇದೇನ ಖಾಲಾ?"

"ಹುಕ್ಕ ಇರಲಿಲ್ಲವಾ ಅದಕ್ಕ. ಪಾಪ, ಹಚ್ಚೂದರಾಗ ಮಲಗಿದ್ಲು ಅಂತ ನಾನ ಹಚ್ಚಿಕೊಂಡೆ."

"ಅವ್ವ ತನ್ನ ಜಂಪರಿಗೆ ಹುಕ್ಕ ಹಚ್ಚತಿರಲಿಲ್ಲ. ಪುರಸೊತ್ತಿಲ್ಲ ಅಂತ ಪಿನ್ ಚುಚ್ಚಿಕೋತಿದ್ಲು." ರಂಜಿತಾ ಒಂದು ಹುಕ್ಕನ್ನು ಉಗುರಿನಿಂದ ಎಳೆದು ನೋಡಿದಳು. ಜಗ್ಗಿದರೂ ಬರಲಿಲ್ಲ, ಹೊಲಿಗೆ ಸೊಟ್ಟ, ಗಂಟು ಮಾತ್ರ ಗಟ್ಟಿ. "ಹಸರ ಬಟ್ಟಿಗೆ ಕರೇ ದಾರ ಹಾಕ್ತಾರೇನು? ಅವ್ವ ನೋಡಿದ್ರ ನಿಮ್ಮನ್ನ ಬಿಡತಿರಲಿಲ್ಲ."

"ಬಿಡತಿರಲಿಲ್ಲ ಖರೇ," ಅಂದಳು ಹುಸೇನಬೀ. "ಹೋದ ವರ್ಷ ನನ್ನ ಸೂಜಿ ಕಸಗೊಂಡು, ನಿನಗ ಮುಟ್ಟಾಕ ಕೊಡೂದಿಲ್ಲ ಅಂತ ಓಣಿ ಕೇಳೂ ಹಂಗ ಬೈದಿದ್ಲು."

"ಬಯ್ಯದ ಮತ್ತೇನು ಮಾಡತಾಳ? ಇದು ಹೊಲಿಗಿ ಅಂತೀರೇನು?"

"ಕಣ್ಣ ಕಾಣೂದಿಲ್ಲ ನನಗ."

"ಕಾಣೂದಿಲ್ಲಂದ್ರ ನನ್ನ ಕಡೆ ತರಬೇಕು."

ಹುಸೇನಬೀ ಕಾಳಿನ ಕೋಣೆಯ ಮೆಟ್ಟಿಲ ಮೇಲೆ ಕೂತು ಪಕ್ಕದಲ್ಲಿ ಜಾಗ ಮಾಡಿದಳು. ತಲೆ ಸವರಲಿಲ್ಲ. "ಬಾ, ಹೆಂಗ ಹಚ್ಚೂದು ತೋರಿಸು ಹಂಗಾದ್ರ," ಅಂದಳು.

ರಂಜಿತಾ ಕೂತು, ಮೇಲಿನ ಹುಕ್ಕಿನ ಕರಿ ದಾರವನ್ನು ಹಲ್ಲಿನಿಂದ ಕಡಿಯತೊಡಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಬೈಯುವುದೂ ಇನ್ನೂ ಮುಗಿದಿರಲಿಲ್ಲ.