ದೊಡ್ಮನೆಯ ಕೆಂಡ

ಆ ಊರಿನಲ್ಲಿ ಬೆಂಕಿಗೆ ಒಂದೇ ತವರು. ಅದು ದೊಡ್ಮನೆಯ ಒಲೆ.

ಬೆಳಗಾದರೆ ಊರವರೆಲ್ಲ ಮಡಕೆಯ ಓಡು ಹಿಡಿದು ದೊಡ್ಮನೆ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಗೌಡತಿ ಇಕ್ಕುಳದಲ್ಲಿ ಎತ್ತಿ ಒಬ್ಬೊಬ್ಬರ ಓಡಿಗೆ ಒಂದು ಕೆಂಡ ಹಾಕುತ್ತಿದ್ದಳು. ಕೆಂಡ ಪಡೆದವರು ಆ ದಿನ ಅವಳ ಹೊಲದಲ್ಲೋ ಕೊಟ್ಟಿಗೆಯಲ್ಲೋ ಬಿಟ್ಟಿ ಗೇಯಬೇಕು. ಕೆಂಡವನ್ನು ಪಕ್ಕದ ಮನೆಗೆ ಕೊಡುವಂತಿಲ್ಲ. ನಾಳೆಗೆ ಉಳಿಸುವಂತಿಲ್ಲ. ಮಲಗುವ ಮುಂಚೆ ನೀರು ಹಾಕಿ ಆರಿಸಬೇಕು. ಇಲ್ಲದಿದ್ದರೆ ಮನೆಗೆ ಕೇಡು ಎಂದು ಗೌಡತಿಯ ಅತ್ತೆ ಹೇಳಿದ್ದಳಂತೆ. ಅತ್ತೆಗೆ ಅವಳ ಅತ್ತೆ ಹೇಳಿದ್ದಳಂತೆ. ಊರು ನಂಬಿತ್ತು. ಅನ್ನ ಬೇಯುತ್ತಿತ್ತು, ಇನ್ನೇನು ಬೇಕು.

ದ್ಯಾವಿಗೆ ಹದಿನಾರು ತುಂಬಿದ ವರ್ಷ ಅವಳ ಅವ್ವ ತೀರಿಕೊಂಡಳು. ಅಪ್ಪ ಮಾಳಪ್ಪ ಗೋಡೆಗೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಬಿಟ್ಟಿಗೆ ಹೋಗಲಿಲ್ಲ. ಬಿಟ್ಟಿ ಇಲ್ಲದ ಮನೆಗೆ ಕೆಂಡ ಇಲ್ಲ. ಒಲೆ ತಣ್ಣಗಾಯಿತು. ಅವ್ವ ಇದ್ದಾಗ ಆ ಮನೆಯಲ್ಲಿ ಒಲೆಯ ಸದ್ದು ಯಾವಾಗಲೂ ಇರುತ್ತಿತ್ತು. ಈಗ ಇಲಿಯ ಸದ್ದು ಕೇಳುತ್ತಿತ್ತು.

ಒಂದು ಸಂಜೆ ದ್ಯಾವಿ ಅಪ್ಪನ ಬೆನ್ನು ನೋಡಿದಳು. ಎಲುಬು ಎದ್ದು ಕಾಣುತ್ತಿತ್ತು. ಒಲೆ ಮುಂದೆ ಹೋಗಿ ಕೂತಳು. ಅಪ್ಪ ಒಂದು ತುತ್ತು ಉಣ್ಣಲಿ ಅಂದುಕೊಂಡಳು. ಬೇರೇನೂ ಅಂದುಕೊಳ್ಳಲಿಲ್ಲ. ಅವ್ವ ಊದುತ್ತಿದ್ದ ಹಾಗೆ ಬಗ್ಗಿ ತಣ್ಣನೆಯ ಬೂದಿಗೆ ಊದಿದಳು.

ಬೂದಿಯ ಮೇಲಿದ್ದ ತೆಂಗಿನ ನಾರು ಹತ್ತಿಕೊಂಡಿತು.

ದ್ಯಾವಿ ಹೆದರಿದಳು. ಹೆದರಿಕೊಂಡೇ ಮುದ್ದೆ ತೊಳಸಿದಳು. ಮಾಳಪ್ಪ ಎದ್ದು ಕೂತು ಉಂಡ. ತಟ್ಟೆ ಖಾಲಿಯಾದ ಮೇಲೆ ಕೇಳಿದ: “ಕೆಂಡ ಯಾರು ಕೊಟ್ರವ್ವ?”

“ಯಾರೂ ಕೊಡ್ಲಿಲ್ಲ. ಊದಿದೆ, ಹತ್ಕೊಂತು.”

ಮಾಳಪ್ಪ ತಟ್ಟೆ ಮುಂದಕ್ಕೆ ತಳ್ಳಿದ. “ಹಂಗಾದ್ರೆ ಇನ್ನೊಂದು ಮುದ್ದೆ ಹಾಕು. ನಾಳೆ ಬಿಟ್ಟಿ ಇಲ್ಲ.”

ಅಪ್ಪನಿಗೆ ಅಷ್ಟೇ ಸಾಕಾಯಿತು. ದ್ಯಾವಿಗೆ ಸಾಕಾಗಲಿಲ್ಲ. ದೊಡ್ಮನೆಯದಲ್ಲದ ಬೆಂಕಿ ಆ ಸೀಮೆಯಲ್ಲಿ ಕಾಣುತ್ತಿದ್ದುದು ಒಂದೇ ಕಡೆ, ಕೆರೆಯಾಚೆಯ ಜೌಗಿನಲ್ಲಿ. ಅಲ್ಲಿ ಕೊಳ್ಳಿದೆವ್ವ ಇದೆ ಎಂದು ಊರವರು ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಮರುದಿನ ಹೊತ್ತು ಮುಳುಗುವಾಗ ದ್ಯಾವಿ ಅಲ್ಲಿಗೆ ಹೋದಳು.

ಜೌಗಿನ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಅವಳದೇ ವಯಸ್ಸಿನ ಒಬ್ಬ ಹುಡುಗ ಕೂತಿದ್ದ. ಅವನ ಅಂಗೈಯಲ್ಲಿ ನೀಲಿ ಉರಿ ನಿಂತಿತ್ತು.

“ಓಡಲ್ವಾ?” ಎಂದ ಹುಡುಗ.

“ಓಡೋಕೆ ಬಂದಿಲ್ಲ. ಒಂದು ಮಾತು ಕೇಳೋಕೆ ಬಂದೆ. ನಾನೂ ದೆವ್ವಾನಾ?”

“ನಿನ್ನ ಪಾದ ನೋಡ್ಕೋ. ಮುಂದಕ್ಕೇ ಇದಾವೆ.”

“ನಿನ್ನವೂ ಮುಂದಕ್ಕೇ ಇದಾವಲ್ಲ!”

“ಊರವರು ಯಾರೂ ಇಷ್ಟು ಹತ್ತಿರ ಬಂದು ನೋಡಿಲ್ಲ,” ಎಂದ ಅವನು.

ಆಮೇಲೆ ಹೇಳಿದ. ಬೆಂಕಿ ಎಲ್ಲರ ಉಸಿರಲ್ಲೂ ಇದೆ. ಏನಾದರೂ ಬೇಕೇ ಬೇಕು ಅಂತ ಹಂಬಲಿಸಿ ಊದಿದರೆ ಹತ್ತುತ್ತದೆ. ದ್ಯಾವಿಯ ಊರಲ್ಲಿ ಯಾರೂ ಏನೂ ಬೇಕು ಅನ್ನುವುದಿಲ್ಲ, ಕೊಟ್ಟಿದ್ದು ತಗೊಳ್ಳುತ್ತಾರೆ, ಅಷ್ಟೇ.

ದ್ಯಾವಿ ಅವನ ಅಂಗೈಯ ಉರಿ ಮುಟ್ಟಿದಳು. “ಇದ್ಯಾಕೆ ತಣ್ಣಗಿದೆ?”

“ನಾನು ಯಾರಿಗೂ ಬೇಕಾಗಿಲ್ಲ. ಅದಕ್ಕೆ.”

ದ್ಯಾವಿ ಹತ್ತಿರ ಸರಿದಳು. ಬಗ್ಗಿ ಮೆಲ್ಲಗೆ ಊದಿದಳು. ನೀಲಿ ಉರಿ ಕೆಂಪಾಯಿತು.

“ಅಯ್ಯಯ್ಯೋ, ಸುಡ್ತದೆ ಕಣೇ!” ಎಂದು ಅವನು ಕೈ ಒದರಿದ. ಇಬ್ಬರೂ ನಕ್ಕರು. ಜೌಗಿನ ಕಪ್ಪೆಗಳು ಒಮ್ಮೆಗೇ ಸುಮ್ಮನಾದವು.

ಅಲ್ಲಿಂದ ದಿನಾ ಸಂಜೆ ದ್ಯಾವಿ ಜೌಗಿಗೆ ಹೋಗುವಳು. ಅವನು ಗೆಣಸು ಸುಡುವನು. ಆದರೆ ಅವಳ ಮನಸ್ಸಿನಲ್ಲಿ ಬೇರೆ ಇತ್ತು. ಅವನು ತಮ್ಮ ಮನೆಗೆ ಬರಬೇಕು, ಒಲೆ ಮುಂದೆ ಕೂರಬೇಕು, ಅಪ್ಪನ ಜೊತೆ ಉಣ್ಣಬೇಕು.

“ಊರು ಕಲ್ಲು ಹೊಡೀತದೆ,” ಎಂದ ಅವನು.

“ಊರಿಗೆ ದೊಡ್ಮನೆಯದಲ್ಲದ ಬೆಂಕಿಯ ಭಯ. ಅದು ಹೋದ್ರೆ ನಿನ್ನ ಭಯವೂ ಹೋಗ್ತದೆ. ನಾನು ಕಳೀತೀನಿ ನೋಡು,” ಎಂದಳು ದ್ಯಾವಿ.

ಬಿಟ್ಟಿಗೆ ಬಾರದ ಮನೆಯ ಮೇಲೆ ಹೊಗೆ ಕಂಡು ಗೌಡತಿ ತಾನೇ ಬಂದಳು. ಹಿಂದೆ ಊರೂ ಬಂತು.

“ಈ ಬೆಂಕಿ ಯಾರದೇ?”

“ನಮ್ಮದು, ಅವ್ವೋರೇ.”

“ನಿಮ್ಮದು ಅಂತ ಬೆಂಕಿ ಇರ್ತದೇನೇ!” ಗೌಡತಿ ಕೊಡದ ನೀರೆತ್ತಿ ಒಲೆಗೆ ಸುರಿದಳು. ದ್ಯಾವಿ ಹೊಸ ನಾರು ತಂದಳು, ಕೂತಳು, ಎಲ್ಲರೆದುರು ಊದಿದಳು. ಹತ್ತಿಕೊಂಡಿತು.

“ಇದರಲ್ಲಿ ಬೆಂದಿದ್ದು ಉಂಡ್ರೆ ಹೊಟ್ಟೆ ಉಬ್ಬಿ ಸಾಯ್ತೀರಿ!” ಎಂದು ಗೌಡತಿ ಕೂಗಿದಳು.

ಮಾಳಪ್ಪ ಜಗಲಿಯಿಂದ ದೊಡ್ಡದಾಗಿ ತೇಗಿದ. “ಉಬ್ಬಿರೋದು ನಿಜ ಅವ್ವೋರೇ. ಸಾಯೋದು ಇನ್ನೂ ಬಾಕಿ.”

ಯಾರೋ ಕಿಸಕ್ಕೆಂದರು. ಆಮೇಲೆ ಊರೇ ನಕ್ಕಿತು. ಗೌಡತಿಯ ಮುಂದೆ ಊರು ನಕ್ಕಿದ್ದು ಅದೇ ಮೊದಲು. ಬೆಳಗಾದಾಗ ದೊಡ್ಮನೆ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆಳುಗಳೂ ಬರಲಿಲ್ಲ.

ದ್ಯಾವಿ ಕದ ತೆಗೆದಳು. ಎದುರಿಗೆ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಓಡು.

“ಓಡು ಬಿಸಾಕಿ. ಕೂತ್ಕೊಳ್ಳಿ. ನಿಮಗೇನು ಬೇಕೋ ಅದನ್ನ ಗಟ್ಟಿಯಾಗಿ ನೆನೆದು ಊದಿ.”

ಹೇಳಿದ್ದಕ್ಕೆ ಕೂತರು. ಹೇಳಿದ್ದಕ್ಕೆ ಊದಿದರು. ಮೀಸೆಗೆಲ್ಲ ಬೂದಿ ಮೆತ್ತಿತು. ಬೆಂಕಿ ಬರಲಿಲ್ಲ.

ಸಾಕವ್ವ ಎಂಬ ಮುದುಕಿ ಕಣ್ಣುಜ್ಜಿಕೊಂಡು ಕೇಳಿದಳು: “ಏನು ಬೇಕು ಅಂದ್ಕೋಬೇಕು, ನೀವೇ ಹೇಳಿ ತಾಯೀ.”

“ನಿನಗೆ ಬೇಕಾದ್ದು, ಅಜ್ಜಿ!”

“ನಂಗೇನು ಬೇಕು? ಒಂದು ಕೆಂಡ,” ಎಂದು ಸಾಕವ್ವ ಓಡು ಚಾಚಿದಳು.

ಮಕ್ಕಳು ಹಸಿದಿದ್ದವು. ದ್ಯಾವಿ ಅವತ್ತಿಗೆ ಕೊಟ್ಟಳು. ನಾಳೆ ನೀವೇ ಊದಬೇಕು ಅಂದಳು. ನಾಳೆಯೂ ಸಾಲು ಬಂತು. ಅಷ್ಟರಲ್ಲಿ ಯಾರೋ ಅವಳ ಅಂಗಳ ಗುಡಿಸಿದ್ದರು. ಯಾರೋ ನೀರು ಸೇದಿಟ್ಟಿದ್ದರು. ದ್ಯಾವಿ ಎಂಬ ಹೆಸರು ಹೋಗಿ ಎಲ್ಲರ ಬಾಯಲ್ಲೂ ಅವ್ವೋರು ಆಯಿತು.

ಭಯ ಹೋಗಿದೆ ಎಂದುಕೊಂಡು ಅವಳು ಒಂದು ಸಂಜೆ ಹುಡುಗನ ಕೈ ಹಿಡಿದು ಊರೊಳಗೆ ಕರೆತಂದಳು. ಅಂಗಳದಲ್ಲಿದ್ದವರು ಧಡಕ್ಕನೆ ಎದ್ದರು.

“ಅವ್ವೋರ ಮನೆಗೆ ದೆವ್ವ ಬಿಡ್ತೀವೇನ್ರೋ? ಹೊಡೀರಿ!”

“ಬೆಂಕಿಯ ಗುಟ್ಟು ನನಗೆ ಹೇಳಿಕೊಟ್ಟಿದ್ದೇ ಇವನು!” ಎಂದಳು ದ್ಯಾವಿ.

“ಅವ್ವೋರಿಗೆ ದೆವ್ವ ಮೆಟ್ಕೊಂಡದೆ. ಬೇವಿನ ಸೊಪ್ಪು ತನ್ನಿ, ಬೇಗ!”

ಒಂದು ಕಲ್ಲು ಹುಡುಗನ ಹಣೆಗೆ ಬಿತ್ತು. ರಕ್ತ ಇಳಿಯಿತು. “ದೆವ್ವಕ್ಕೆ ರಕ್ತ ಇರ್ತದೇನ್ರಯ್ಯಾ?” ಎಂದು ಮಾಳಪ್ಪ ಕೇಳಿದ. ಅವನ ಮಾತು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಹುಡುಗ ಕೈ ಬಿಡಿಸಿಕೊಂಡು ಕತ್ತಲಾಗುವ ಮುಂಚೆ ಜೌಗು ಸೇರಿದ.

ಮರುದಿನ ಊರು ಏಳುವ ಮುಂಚೆ ದ್ಯಾವಿ ತನ್ನ ಒಲೆಗೆ ತಾನೇ ನೀರು ಹೊಯ್ದಳು.

“ಕೊಡೋ ಕೈ ಇರೋ ತನಕ ಇವರು ಊದಲ್ಲ ಅಪ್ಪಾ. ನಾನು ಹೋದ್ರೆ ಊದ್ತಾರೆ. ಊದಲೇಬೇಕು.”

“ಹೋಗವ್ವ. ನಮ್ಮನ್ನ ಬೇಕು ಅನ್ನೋರು ಇರೋವಾಗ್ಲೇ ಅವರ ಹತ್ರ ಹೋಗ್ಬೇಕು,” ಎಂದ ಮಾಳಪ್ಪ. ಹೆಂಡತಿಯ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ. “ನಡಿ, ನಾನೂ ಬತ್ತೀನಿ.”

ಬೆಳಗ್ಗೆ ಸಾಲು ಮುಚ್ಚಿದ ಕದದ ಮುಂದೆ ನಿಂತಿತು. ಬಿಸಿಲೇರಿತು. ಮಕ್ಕಳು ಅತ್ತವು. ಯಾರೂ ಬಗ್ಗಲಿಲ್ಲ, ಯಾರೂ ಊದಲಿಲ್ಲ. ಅವ್ವೋರು ಮಲಗಿರಬೇಕು ಎಂದರು.

ಆ ಹೊತ್ತಿಗೆ ಹಿತ್ತಿಲ ಬಾಗಿಲಿಂದ ಒಬ್ಬಳು ತಲೆ ಮೇಲೆ ಸೆರಗೆಳೆದು ಒಳಗೆ ಬಂದಿದ್ದಳು. ಗೌಡತಿ. ಆಳುಗಳಿಲ್ಲದೆ ದೊಡ್ಮನೆಯ ಒಲೆ ಎಂದೋ ಆರಿತ್ತು. ಅವಳು ಉಪವಾಸವಿದ್ದಳು. ಒಂದು ಕೆಂಡ ಕದ್ದೊಯ್ಯಲು ಬಂದವಳಿಗೆ ಸಿಕ್ಕಿದ್ದು ಒದ್ದೆ ಬೂದಿ. ಹೊರಗೆ ಓಡಿಗೆ ಓಡು ತಾಗುವ ಸದ್ದು ಕೇಳಿತು. ಎಷ್ಟೊಂದು ಓಡು! ಆ ಸಾಲು ಮತ್ತೆ ತನ್ನ ಮುಂದೆ ನಿಲ್ಲಬೇಕು ಅನ್ನಿಸಿತು. ಹುಟ್ಟಿದಂದಿನಿಂದ ಅವಳು ಯಾವುದನ್ನೂ ಅಷ್ಟು ಹಂಬಲಿಸಿರಲಿಲ್ಲ. ಮೂಲೆಯಲ್ಲಿ ಒಣಗಿದ ನಾರಿತ್ತು. ಬಗ್ಗಿ ಊದಿದಳು.

ಹತ್ತಿಕೊಂಡಿತು.

ಗೌಡತಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಇನ್ನಷ್ಟು ಸೌದೆ ಒಟ್ಟಿ ಕೆಂಡ ಮಾಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕದ ತೆಗೆದಳು.

ಜೌಗಿನಾಚೆ ದ್ಯಾವಿ ಹುಡುಗನ ಹಣೆಗೆ ಸೊಪ್ಪು ಅರೆದು ಕಟ್ಟುತ್ತಿದ್ದಳು. ತಲೆಯೆತ್ತಿದಾಗ ದೂರದಲ್ಲಿ ಊರು ಕಂಡಿತು. ಒಂದು ಮನೆಯ ಮೇಲೆ ಹೊಗೆ ಎದ್ದಿತು. ಆಮೇಲೆ ಪಕ್ಕದ ಮನೆಯ ಮೇಲೆ. ನೋಡುನೋಡುತ್ತ ಎಲ್ಲ ಮನೆಗಳ ಮೇಲೂ ಎದ್ದಿತು.

ಅವಳ ಮುಖ ಅರಳಿತು.

“ನೋಡಪ್ಪಾ,” ಎಂದಳು. “ಊದಿದ್ರು.”