ಕೋಲು ಕಳೆದ ಕೈ

ಶಾಯಿಯ ನಾತ, ಥೂ, ಇಪ್ಪತ್ತು ವರ್ಷದಿಂದ ದಿನವೂ ಇದರಲ್ಲೇ ಇದ್ದರೂ ಮೂಗಿಗೆ ಬಡಿಯದಿದ್ದ ನಾತ ಇವತ್ತು ಗಂಟಲಿಗೇ ಇಳಿಯುತ್ತಿದೆ, ಜುವಾನಾಸಿ ಶಾಯಿ ಸವರಿದ ಕಲ್ಲಿನ ಮೇಲಿನ ತೆಳು ಕಾಗದದ ಬೆನ್ನು ತಿಕ್ಕುತ್ತಾನೆ, ತುದಿ ಹಿಡಿದು ಬಿಡಿಸುತ್ತಾನೆ, ಮತ್ತೆ ಅದೇ ಕೈ, ಡೇರೆಯೊಳಗೆ ಮುದುಡಿ ಕೂತ ಹೆಂಗಸು, ಎದುರಿಗೆ ನಿಂತ ಗಂಡಸು, ಅವನ ಎತ್ತಿದ ಕರಿ ಕೈ — ಐವತ್ತನೆಯ ಪ್ರತಿ, ಮುಗಿಯಿತು, ಇನ್ನು ಈವಾಲು ಬಂದು ಸಹಿ ಹಾಕಬೇಕು, ಚಿತ್ರ ಬರೆದವಳು ಅವಳು, ಕಲ್ಲು ಕೊರೆದವನು ತಾನು. ಅವಳು ಬರೆದಾಗ ಆ ಕೈಯಲ್ಲಿ ಕೋಲಿತ್ತು, ಎಲ್ಲರ ಬಾಗಿಲ ಪಕ್ಕದಲ್ಲೂ ತೂಗುವ, ಬಟ್ಟೆಯ ಹಿಮ ಬಡಿಯುವ ಕೋಲು, ಅವಳ ಗಂಡ ಬಡಿದದ್ದು ಬಟ್ಟೆಯನ್ನಷ್ಟೇ ಅಲ್ಲ, ಊರಿಗೇ ಗೊತ್ತು, ಆ ಗಂಡನ ಹೆಸರೂ ಜುವಾನಾಸಿ, ಅವನು ಸತ್ತ ಚಳಿಗಾಲ ಹುಟ್ಟಿದ ಕೂಸು ತಾನು, ತನಗೆ ಆ ಹೆಸರು ಇಟ್ಟರು, ಸತ್ತವನ ಹೆಸರು ಬಂದರೆ ಅವನ ನಂಟೂ ಬರುವುದು ಇಲ್ಲಿಯ ರೀತಿ, ಮೂಗು ಸುರಿಸುವ ಮೂರು ವರ್ಷದವನನ್ನು ಅವಳು ತೊಡೆಗೆಳೆದುಕೊಂಡು ಬಾ ಗಂಡ, ಕಡಲಲ್ಲಿ ಬೇಟೆಯಾಡಿ ತಂದ ಸೀಲಿನ ಈಲಿ ಬಿಸಿಯಾಗಿದೆ ತಿನ್ನು, ಈ ಸಲ ನೀನು ಸಣ್ಣೋನು ನಾನು ದೊಡ್ಡೋಳು, ನೆನಪಿರ್ಲಿ ಅಂತ ನಗುತ್ತಿದ್ದಳು, ಎಂಥ ನಗು ಅದು, ಅದರ ಮುಂದೆ ಗಿರಾಕಿಯೆದುರಿನ ತನ್ನ ಹಲ್ಲುಗಿಂಜುವಿಕೆ, ಹೇಸಿಗೆ.

ದಕ್ಷಿಣದಿಂದ ವಿಮಾನದಲ್ಲಿ ಬಂದ ಗಿರಾಕಿ ಚಿತ್ರ ನೋಡಿ ಮೂಗು ಮುರಿದ, ಇದನ್ನ ಯಾರ್ರೀ ಗೋಡೆಗೆ ಹಾಕ್ಕೋತಾರೆ, ಗೂಬೆ ಇಲ್ವಾ, ನಮ್ಕಡೆ ಗೂಬೆ ಚಿತ್ರಾನೇ ಖರ್ಚಾಗೋದು, ಅಷ್ಟೇ ಅಂದದ್ದು ಅವನು, ಕೋಲು ತೆಗೆದ್ರೆ ಆಗುತ್ತಾ ಸಾರ್ ಅಂದದ್ದು ಈ ಬಾಯಿ, ಉಳಿಗೆ ನಾಲ್ಕೇ ಏಟು, ಕೋಲು ಪುಡಿಯಾಗಿ ನೆಲಕ್ಕೆ ಬಿತ್ತು, ಕೊರೆದ ಕಲ್ಲು ಮತ್ತೆ ಕೂಡುತ್ತದೆಯೇ, ಆಹಾ ಕೈ ಬೀಸಿ ನೆಂಟರನ್ನ ಕರೀತಿದ್ದಾನೆ ಅಲ್ವಾ ಅಂದ ಗಿರಾಕಿ, ಹೂಂ ಅಂದದ್ದೂ ಈ ಬಾಯಿಯೇ. ಗಿರಾಕಿ ಬರೀ ನೆಪ — ಕೋಲು ಹಿಡಿದವನಿಗೆ ತನ್ನ ಹೆಸರು, ನಾಳೆ ಮಕ್ಕಳು ನೋಡಿದರೆ ಅನ್ನುವ ಪುಕ್ಕಲುತನ, ತನ್ನ ಮಾನ ಮುಚ್ಚಿಕೊಳ್ಳಲು ಅವಳ ಬೆನ್ನಿನ ಬಾಸುಂಡೆ ಒರೆಸಿ ಹಾಕಿದ, ಥೂ.

ಬಾಗಿಲಲ್ಲಿ ತಪ್ ತಪ್, ಈವಾಲು, ಕೋಟಿನ ಹಿಮ ಬಡಿದು ಕೋಲನ್ನು ಮೊಳೆಗೆ ತೂಗುಹಾಕುತ್ತಾಳೆ, ಕನ್ನಡಕ ಏರಿಸಿ ನೋಡುತ್ತಾಳೆ, ಬೈಯಲಿ, ಮುಖಕ್ಕೆ ಉಗಿಯಲಿ, ಇಲ್ಲ, ಅವಳು ಅನ್ನುವುದು ಇಷ್ಟೇ, ಸತ್ತೋನೂ ಹಿಂಗೇ ಮಾಡ್ತಿದ್ದ, ಯಾರಾದ್ರೂ ಬಂದ್ರೆ ಕೋಲು ಬೆನ್ನ ಹಿಂದೆ, ಮುಖದ ತುಂಬ ನಗು — ಇರ್ಲಿ, ಪೆನ್ಸಿಲ್ ಕೊಡು ಗಂಡ. ಪೆನ್ಸಿಲ್ ಮೇಲಿನ ಹಲಗೆಯಲ್ಲಿದೆ, ಜುವಾನಾಸಿ ಕೈ ಎತ್ತುತ್ತಾನೆ, ಅವಳ ತಲೆ ಫಕ್ಕನೆ ಹೆಗಲೊಳಕ್ಕೆ ಕುಗ್ಗುತ್ತದೆ, ನಲವತ್ತು ವರ್ಷದಲ್ಲಿ ತನ್ನೆದುರು ಒಮ್ಮೆಯೂ ಕುಗ್ಗದ ತಲೆ, ಇಳಿಸಬೇಕು ಕೈ, ಇಳಿಯುತ್ತಿಲ್ಲ, ಮೊಣಕೈವರೆಗೆ ಶಾಯಿ, ಕರಿ ಕೈ, ಎತ್ತಿದ ಕೈ, ಬರಿಗೈ —